ದೊಡ್ಡಪ್ಪನ ಕೆಮ್ಮು ಕಳೆದುಹೋದ ಮೇಲೆ

ಬೀಡಿ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆ ಎನ್ನುತ್ತಾರಲ್ಲ, ಯಾರ ಆರೋಗ್ಯ ಎಂದು ಎಂದಾದರೂ ಕೇಳಿದ್ದೀರಾ? ನಮ್ಮ ದೊಡ್ಡಪ್ಪನದೇನೋ ಸುಧಾರಿಸಿತು. ತಮಿಳುನಾಡಿನ ಕಿಣತ್ತುಕಡವಿನ ನಮ್ಮ ಮನೆಯಲ್ಲಿ ಉಳಿದವರೆಲ್ಲರ ಆರೋಗ್ಯ ಅಂದಿನಿಂದಲೇ ಕೆಟ್ಟಿತು!

ಅವರು ಬೀಡಿ ಬಿಟ್ಟದ್ದು ಭಯದಿಂದಲ್ಲ, ಹಟದಿಂದ. ಕೊಯಮತ್ತೂರಿನ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಈ ವಯಸ್ಸಿನಲ್ಲಿ ಪೂರ್ತಿ ಬಿಡುವುದು ನಿಮ್ಮಿಂದ ಆಗದು, ಕಡಿಮೆಯಾದರೂ ಮಾಡಿ ಎಂದು ದೊಡ್ಡ ಮನಸ್ಸಿನಿಂದ ರಿಯಾಯಿತಿ ಕೊಟ್ಟರು. ದೊಡ್ಡಪ್ಪನಿಗೆ ‘ಆಗದು’ ಎಂಬ ಮಾತೊಂದು ಸಾಕು. ಬೀಡಿ ಕಟ್ಟನ್ನು ಡಾಕ್ಟರ ಮೇಜಿನ ಮೇಲಿಟ್ಟು, ನೀವೇ ಇಟ್ಟುಕೊಳ್ಳಿ ಎಂದು ಎದ್ದು ಬಂದರು. ವಾಪಸು ಬರುವ ಬಸ್ಸಿನಲ್ಲಿ ಅವರ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗುತ್ತಿತ್ತು. ನಾನು ನೋಡಿದೆನೆಂದು ಗೊತ್ತಾದೊಡನೆ ಅದನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡರು.

ಟೀ ಅಂಗಡಿಯ ಗೆಳೆಯರು, ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದು ನಕ್ಕರು. ದೊಡ್ಡಪ್ಪ ದಿನವೂ ಹೋಗಿ, ಅವರ ಹೊಗೆಯ ನಡುವೆಯೇ ಬೆಂಚು ಹಿಡಿದು ಕೂತು, ಕಡಲೆ ಮಿಠಾಯಿ ಕಡಿಯುತ್ತಾ ಒಬ್ಬೊಬ್ಬರನ್ನೂ ದುರುಗುಟ್ಟಿಕೊಂಡು ನೋಡಿದರು. ಕೊನೆಗೆ ಗೆಳೆಯರೇ ಬೆಂಚು ಬದಲಾಯಿಸಿದರು!

ಮೊದಲು ನಾಲಿಗೆ ವಾಪಸು ಬಂತು. ಅಷ್ಟು ವರ್ಷ ಬಡಿಸಿದ್ದನ್ನು ಉಂಡು ಏಳುತ್ತಿದ್ದವರು, ಸಾರಿಗೆ ಜೀರಿಗೆ ಸಾಲದು ಎನ್ನತೊಡಗಿದರು. ಆಮೇಲೆ ಮೂಗು ಬಂತು. ಅಡುಗೆಮನೆಯಲ್ಲಿ ಹಾಲು ಸೀದರೆ ತೆಂಗಿನ ತೋಟದಿಂದಲೇ ಕೂಗು! ಆಮೇಲೆ ಉಸಿರು. ಒಂದು ದಿನ ಹೊರಟುಬಿಟ್ಟಿದ್ದ ಟೌನ್ ಬಸ್ಸನ್ನು ಓಡಿ ಹಿಡಿದು, ಹಿಂದೆ ಏದುಸಿರು ಬಿಡುತ್ತಿದ್ದ ನನಗೆ ಮೆಟ್ಟಿಲ ಮೇಲಿನಿಂದ ಕೈ ಬೀಸಿದರು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು, ಅವರ ಕೆಮ್ಮು ಹೋದದ್ದು. ಬೀದಿಯ ತಿರುವಿನಲ್ಲಿ ಆ ಕೆಮ್ಮು ಕೇಳಿತೆಂದರೆ ಅವರ ಸೊಸೆ ಟಿವಿ ಆರಿಸುವಳು, ಮಗ ಫೋನು ಬಿಟ್ಟು ತೋಟದ ಪಂಪು ರಿಪೇರಿಗೆಂದು ಸ್ಪ್ಯಾನರ್ ಹಿಡಿಯುವನು, ನಾನು ನಿದ್ದೆಯಿಂದ ಏಳುವೆ. ಈಗ ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಂತಿರುತ್ತಾರೆ. ಧಾರಾವಾಹಿಯ ಮಾವನನ್ನು ಸೊಸೆ ಬೈಯುತ್ತಿರುವಾಗ ಸ್ವಂತ ಮಾವ ಹಿಂದಿನಿಂದ, ಅವನದೇನು ತಪ್ಪು ಎಂದು ಕೇಳಿದರೆ ಅವಳ ಗತಿಯೇನು?

ಬರುವಾಗ ಸುಮ್ಮನೆ ಒಂದು ಸಲ ಕೆಮ್ಮಿ ಎಂದು ಎಲ್ಲರೂ ಬೇಡಿಕೊಂಡೆವು.

“ಬೀಡಿ ಬಿಡು ಬಿಡು ಅಂತ ಬಾಯಿ ಬಡ್ಕಂಡ್ರಿ, ಬಿಟ್ಟಾಯ್ತು. ಈಗ ಕೆಮ್ಮು ಬೇಕಾ? ಯಾರಿಗೋಸ್ಕರಾನೂ ಕೆಮ್ಮಲ್ಲ,” ಎಂದರು.

ಹಾಗಾದರೆ ನಿಮ್ಮ ಚಪ್ಪಲಿಗೊಂದು ಗೆಜ್ಜೆ ಕಟ್ಟಲೇ ಎಂದ ಮಗ.

“ಪೊಳ್ಳಾಚಿ ಸಂತೇಲಿ ಹಿಡ್ಕಂಡ್ ಬಂದ ಎತ್ತಾ ನಾನು?”

ಹೀಗೆ ಬೇಡಿಕೊಳ್ಳದವರು ದೊಡ್ಡಮ್ಮ ಒಬ್ಬರೇ. ಆಗಷ್ಟೇ ಅವರ ಕಣ್ಣಿನ ಪೊರೆ ತೆಗೆಸಿದ್ದೆವು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಬ್ಬು. ಒಂದು ಸಂಜೆ ಜಗಲಿಯಲ್ಲಿ ಕೂತು ಕೈಯ ಅಂದಾಜಿನಲ್ಲೇ ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ದೊಡ್ಡಪ್ಪ ಸದ್ದಿಲ್ಲದೆ ಬಂದು ಎದುರಿಗೆ ನಿಂತರು. ದೊಡ್ಡಮ್ಮ ಬೆಚ್ಚಿಬಿದ್ದು, ಸೆರಗು ಸರಿಮಾಡಿಕೊಂಡು, “ಯಾರುಂಗ?” ಎಂದರು.

ನಮ್ಮದು ಒಳಗೆ ಕನ್ನಡ, ಹೊರಗೆ ತಮಿಳು ಆಡುವ ಮನೆ. ಹಾಲಿನವನಿಗೆ, ಕಂಡಕ್ಟರಿಗೆ, ಗುರುತಿಲ್ಲದವರಿಗೆ ತಮಿಳು. ಮದುವೆಯಾದಾಗಿನಿಂದ ದೊಡ್ಡಮ್ಮ ಗಂಡನನ್ನು ತಮಿಳಿನಲ್ಲಿ ಮಾತಾಡಿಸಿದ್ದು ಅದೇ ಮೊದಲು. “ನಾನೇ,” ಎಂದಷ್ಟೇ ಹೇಳಿ ದೊಡ್ಡಪ್ಪ ಒಳಗೆ ಹೋದರು. ಅಷ್ಟು ಸಣ್ಣದಾದ ಅವರ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ, ನೋಡಿ ಸಂಕಟವಾಯಿತು.

ಮರುದಿನ ತೋಟದಿಂದ ಬಂದವರು ಗೇಟಿನ ಬಳಿ ನಿಂತರು. ನಮ್ಮಲ್ಲಿ ಯಾರೂ ಇಲ್ಲ ತಾನೇ ಎಂದು ಅತ್ತ ಇತ್ತ ನೋಡಿಕೊಂಡರು. ಕಿಟಕಿಯ ಹಿಂದೆ ನಾನಿದ್ದೆ! ಗಂಟಲು ಸರಿಮಾಡಿಕೊಂಡು ಕೆಮ್ಮಿದರು. ಅದೂ ಒಂದು ಕೆಮ್ಮೇ! ಕಫವಿಲ್ಲ, ಗೊರಗೊರ ಇಲ್ಲ, ಶುದ್ಧ ನಾಟಕ.

ಹುಣಿಸೆಹಣ್ಣಿನ ಮೇಲೆ ದೊಡ್ಡಮ್ಮನ ಕೈ ನಿಂತಿತು.

“ಮತ್ತೆ ಸೇದಿದ್ರಾ?” ಎಂದು ಕೇಳಿದರು, ಕನ್ನಡದಲ್ಲಿ.

“ಇಲ್ಲ. ನಾನ್ ಬಂದೆ ಅಂತ.”

ದೊಡ್ಡಮ್ಮ ಮೊರವನ್ನು ತಡಕಾಡಿ ಎತ್ತಿ ಆಚೆಗಿಟ್ಟು, ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು.