ಸೆರಗಿನ ಕೆಳಗೆ ಐದು ಬೆರಳು

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಹಾನಗಲ್ಲಿನ ಕಾಲೇಜಿನಲ್ಲಿ ಮೂರು ವರ್ಷದಿಂದ ಬೆಲೆ ನಿರ್ಧಾರದ ಪಾಠ ಹೇಳುವ ನಾನು ಒಂದು ಹಳೆಯ ಗಾಡಿಯ ಬೆಲೆ ನಿರ್ಧರಿಸಲಾರೆನೇ? ಹೀಗೆಂದು ಮನೆಯವರೆಲ್ಲರ ಮುಂದೆ ಘೋಷಿಸಿಬಿಟ್ಟೆ! ನಾವು ಏಳು ಜನ, ಏಳು ಸೀಟಿನ ಎಸ್‌ಯುವಿ ಬೇಕು. ಕೈಯಲ್ಲಿರುವುದು ನಾಲ್ಕು ಲಕ್ಷ ಮೂವತ್ತು ಸಾವಿರ. ಅದರ ಮೇಲೆ ಒಂದು ರೂಪಾಯಿ ಹೋದರೂ ಅತ್ತೆಯ ಮೊಣಕಾಲಿನ ಆಪರೇಷನ್ನಿಗೆ ಎತ್ತಿಟ್ಟ ಹಣಕ್ಕೆ ಕೈ ಹಾಕಬೇಕು.

ಸವಣೂರಿನ ದಾವಲಬಿಯವರ ಹತ್ತಿರ ಅಂಥದೊಂದು ಗಾಡಿ ಇದೆಯೆಂದು ತಿಳಿಯಿತು. ಅವರ ಗಂಡ ಎತ್ತಿನ ದಲಾಲಿ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ದಾವಲಬಿ ಎತ್ತು ಬಿಟ್ಟು ಹಳೆಯ ಕಾರು-ಜೀಪುಗಳ ವ್ಯಾಪಾರ ಹಿಡಿದಿದ್ದಾರೆ. ಚೌಕಾಸಿ ಮಾತ್ರ ಎತ್ತಿನ ಪೇಟೆಯದೇ: ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಮುಚ್ಚಿಕೊಂಡು. ಗಂಡಸರ ಕೈ ಅವರು ಹಿಡಿಯುವುದಿಲ್ಲ. ಹಾಗಾಗಿ, ಎತ್ತಿನ ವ್ಯಾಪಾರದಲ್ಲಿ ಪಳಗಿದ ನನ್ನ ಮಾವ ಪರಮೇಶಪ್ಪನವರಿದ್ದೂ ಕೈ ಕೊಡಬೇಕಾದವಳು ನಾನೇ. ಬಸ್ಸು ಬಂಕಾಪುರ ದಾಟುವವರೆಗೂ ಮಾವ ಬೆರಳಿನ ಲೆಕ್ಕ ಹೇಳಿಕೊಡುತ್ತಲೇ ಇದ್ದರು. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಗಾಳಿಗೆ ತಲೆದೂಗುತ್ತಿದ್ದವು. ನಾನೂ ಅವುಗಳ ಜೊತೆ ತಲೆಯಾಡಿಸುತ್ತ ಬಂದೆ.

ಗಾಡಿ ಚೆನ್ನಾಗಿತ್ತು. ನನ್ನ ಗಂಡ ಕೊಟ್ರೇಶ ಅದರ ಕೆಳಗೆ ತೂರಿ, ಎಣ್ಣೆ ಸೋರುತ್ತಿಲ್ಲವೆಂದು ವರದಿ ಮಾಡಿದರು. ದಾವಲಬಿ ನಾಲ್ಕೂವರೆ ಲಕ್ಷ ಎಂದು ಬಾಯಿಬಿಟ್ಟು ಹೇಳಿ, ನನ್ನ ಕೈ ಹಿಡಿದು ಮೇಲೆ ಸೆರಗು ಮುಚ್ಚಿದರು.

ಮೂರು ಬೆರಳು ಒತ್ತಿದರು. ಮೂವತ್ತು ಸಾವಿರ ಇಳಿಸಿದರು! ಅಂದರೆ ನಾಲ್ಕು ಇಪ್ಪತ್ತು! ಆದರೆ ಮೊದಲ ಮಾತಿಗೇ ಒಪ್ಪಿದರೆ ನನ್ನ ಎಂ.ಎ.ಯ ಮಾನವೇನಾದೀತು? ನಾಲ್ಕು ಬೆರಳು ಒತ್ತಿದೆ. ಅವರ ಕೈ ಒಂದು ಕ್ಷಣ ಸಡಿಲವಾಯಿತು. ಸೋಲುತ್ತಿದ್ದಾರೆ! ಅಂಗೈ ಬೆವರುತ್ತಿತ್ತು. ದೇವರ ಮೇಲೆ ಭಾರ ಹಾಕಿ ಐದೂ ಬೆರಳು ಅಮುಕಿದೆ.

“ಆತವ್ವ, ಕೊಟ್ಟೆ,” ಎಂದು ದಾವಲಬಿ ಸೆರಗು ಸರಿಸಿದರು.

ನಾನು ಯುದ್ಧ ಗೆದ್ದ ರಾಣಿಯಂತೆ ನಾಲ್ಕು ಲಕ್ಷದ ಕಟ್ಟು ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

“ಉಳಿದ ಐವತ್ತು ಎಲ್ಲೈತಿ?”

“ಐವತ್ತು ಇಳಿಸೀರಲ್ರಿ.”

ಮಾವ ಹತ್ತಿರ ಬಂದು, ಯಾರು ಎಷ್ಟು ಬೆರಳು ಒತ್ತಿದರೆಂದು ಮೆಲ್ಲಗೆ ಕೇಳಿದರು. ಹೇಳಿದೆ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು.

“ಬಸ್ಸಿನ್ಯಾಗ ಬಡಕೊಂಡ್ನಲ್ಲವ್ವಾ. ಬೆರಳು ಇಳಿಸೂದಕ್ಕಲ್ಲ. ನಾಲ್ಕರ ಮ್ಯಾಲ ಎಷ್ಟು ಅನ್ನೂದಕ್ಕ.”

ಅಂದರೆ ಮೊದಲ ಹಿಡಿತದಲ್ಲೇ ದಾವಲಬಿ ನಾಲ್ಕು ಮೂವತ್ತಕ್ಕೆ ಇಳಿದಿದ್ದರು. ನಮ್ಮ ಹತ್ತಿರ ಇದ್ದದ್ದೂ ಸರಿಯಾಗಿ ಅಷ್ಟೇ. ಅದನ್ನು ನಾನು ಬೆವರು ಸುರಿಸಿ, ಹೋರಾಡಿ, ಮತ್ತೆ ನಾಲ್ಕೂವರೆಗೆ ಏರಿಸಿದ್ದೆ! ಸೆರಗಿನ ಕೆಳಗಾದ ಮಾತನ್ನು ಮುರಿಯುವ ಪದ್ಧತಿ ಇಲ್ಲ. ಕೊಟ್ರೇಶ ಮತ್ತೆ ಗಾಡಿಯ ಕೆಳಗೆ ತೂರಿದರು. ನನ್ನ ಕಣ್ಣ ಮುಂದೆ ಬಂದದ್ದು ಗೋಡೆ ಹಿಡಿದು ಬಚ್ಚಲಿಗೆ ನಡೆಯುವ ಅತ್ತೆ. ಆಪರೇಷನ್ನಿನ ಹಣದ ವಿಷಯ ಹೇಳಿಯೇಬಿಟ್ಟೆ.

ದಾವಲಬಿ ಮಾವನ ಕಡೆ ತಿರುಗಿದರು.

“ಮೂರು ಬೆರಳಿಗೇ ಒಯ್ರಿ, ಅಣ್ಣಾರ. ಆದ್ರ ಹಿತ್ತಲದಾಗ ಒಂದು ಜೀಪು ಎಂಟು ತಿಂಗಳಾತು, ಮಾರಿ ಹೋಗವಲ್ದು. ಗಿರಾಕಿ ಬಂದ ದಿನ ನಿಮ್ಮ ಸೊಸೀನ್ನ ಕಳಸ್ರಿ. ನನ್ನ ಕಡೆ ಬ್ಯಾಡ, ಅವರ ಕಡೆ ಕುಂಡ್ರಲಿ.”