ಹತ್ತೊಂಬತ್ತು ಸಲ ಹತ್ತಿದ ಗುಡ್ಡ

ನಮ್ಮ ಕಚೇರಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದ ವಾರ ಬಂತೆಂದರೆ ಕರೆಂಟಿರಲಿಲ್ಲ ಅಂತ ತಿಳಿಯಬೇಕು. ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ, ನನಗಿನ್ನೂ ಹದಿನೈದು ವರ್ಷ ನೌಕರಿ ಇದೆ.

೧. ವರದಿ

ಚಂದ್ರಂಪಳ್ಳಿ ಡ್ಯಾಮಿನ ಆಚೆ ಒಂದು ಗುಡ್ಡ, ಅದರ ನೆತ್ತಿಯ ಮೇಲೊಂದು ಗಡಿಕಲ್ಲು. ವರ್ಷಕ್ಕೊಮ್ಮೆ ಹತ್ತಿ ಅದನ್ನು ನೋಡಿ ಬರುವುದು ನಮ್ಮ ಸಾಹೇಬರ ಕೆಲಸ, ವರದಿ ಟೈಪ್ ಮಾಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಹತ್ತಿಲ್ಲ, ನಾನು ಒಮ್ಮೆಯೂ ಟೈಪ್ ತಪ್ಪಿಸಿಲ್ಲ. 'ಗುಡ್ಡ ಹತ್ತಿ ಗಡಿಕಲ್ಲನ್ನು ಪರಿಶೀಲಿಸಲಾಯಿತು. ಸುಸ್ಥಿತಿಯಲ್ಲಿದೆ.' ಇಸವಿ ಬದಲಿಸಿದರೆ ಮುಗಿಯಿತು. ಒಂದು ವರ್ಷ ನನಗೇ ಬೇಜಾರಾಗಿ 'ಸುಡುಬಿಸಿಲಿನಲ್ಲಿ, ಕಡಿದಾದ ಏರಿನಲ್ಲಿ' ಅಂತ ಸೇರಿಸಿದೆ. ಸಾಹೇಬರು ಓದಿ, ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು.

"ಭಾಳ ಛಲೋ ಬರದಿ ತಂಗೀ. ಓದಿದ್ರನೇ ದಮ್ಮು ಹತ್ತತದ."

೨. ಹೊಸ ಮೇಡಂ

ಈ ವರ್ಷ ಮೈಸೂರು ಕಡೆಯಿಂದ ಸಾಹೇಬರ ಮೇಲೆ ಹೊಸ ಅಧಿಕಾರಿ ಬಂದರು. ಬೆಟ್ಟ ಹತ್ತುವುದೆಂದರೆ ಅವರಿಗೆ ಜೀವ. ನಮ್ಮ ಸೇಡಂ ಊರಿನಲ್ಲಿ ಹತ್ತಲಿಕ್ಕೆ ಮಾಳಿಗೆ ಬಿಟ್ಟರೆ ಏನೂ ಕಾಣದೆ ಗಡಿಕಲ್ಲಿನ ಫೈಲು ತಿರುವಿದರು.

"ಸಾರ್, ಹತ್ತೊಂಬತ್ತು ಸಲ ಹತ್ತಿದೀರಾ! ಈ ಭಾನುವಾರ ಸ್ಟಾಫ್ ಎಲ್ಲ ಹೋಗೋಣ. ನೀವೇ ದಾರಿ ತೋರಿಸಿ."

ಸಾಹೇಬರ ನಿವೃತ್ತಿಗೆ ಇನ್ನು ಎರಡೇ ತಿಂಗಳು. ವರದಿ ಸುಳ್ಳೆಂದು ತಿಳಿದರೆ ಪಿಂಚಣಿಗೆ ಕಲ್ಲು ಬಿದ್ದಂತೆ. ನನ್ನ ಟೇಬಲ್ಲಿಗೆ ಬಂದು ಪಿಸುಗುಟ್ಟಿದರು.

"ತಂಗೀ, ದಾರಿ ಹ್ಯಾಂಗದ ಅಂತ ಎಲ್ಯಾರ ಬರದೀವೇನು?"

"'ಕಡಿದಾದ' ಅಂತ ಬರದೀವ್ರಿ."

"ಅಷ್ಟೇ?"

"'ಸುಡುಬಿಸಿಲು' ಅಂತನೂ ಅದರಿ."

೩. ದಾರಿ

ಭಾನುವಾರ ಒಂದು ಕ್ರೂಸರ್ ಜೀಪಿನಲ್ಲಿ ಹೋದೆವು. ಗುಡ್ಡದ ಬುಡದಿಂದ ನಡಿಗೆ: ಸಾಹೇಬರು ಮುಂದೆ, ನಾವು ಹಿಂದೆ. ದಾರಿ ಎರಡಾದಲ್ಲೆಲ್ಲ ಅವರು ನಿಂತು, "ಸೀನರಿ ನೋಡ್ರಿ" ಅನ್ನುತ್ತಿದ್ದರು. ನಾವು ನೋಡಿ ಮುಗಿಸುವಷ್ಟರಲ್ಲಿ ಅಲ್ಲಿದ್ದ ಆಡುಗಳು ಯಾವ ಕಡೆ ಹೋಗುತ್ತವೋ ಆ ಕಡೆ ಕೈ ಮಾಡಿ, "ಇದೇ ದಾರಿ!" ಮೂರನೇ ಸಲ ಆಡುಗಳು ನೀರು ಕುಡಿಯಲು ಇಳಿದವು. ನಾವೂ ಇಳಿದೆವು.

"ಸಾರ್, ಇದು ಡ್ಯಾಮ್ ಅಲ್ವಾ?"

"ಹೌದ್ರಿ ಮೇಡಂ. ಬುತ್ತಿ ಇಲ್ಲೇ ಬಿಚ್ಚೋದು. ಪ್ರತಿ ವರ್ಷದ ಪದ್ಧತಿ."

ಮುಂಜಾನೆ ಒಂಬತ್ತಕ್ಕೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಗಿದವು.

೪. ಕಲ್ಲು

ಕೊನೆಗೆ ನಮ್ಮನ್ನು ನೆತ್ತಿಗೆ ಮುಟ್ಟಿಸಿದ್ದು ಆಡು ಕಾಯುವ ಮುದುಕಿ. ಮೇಲೆ ಮೂರು ಕಲ್ಲಿನ ಒಲೆ ಹೂಡಿ ಚಹಾಕ್ಕಿಟ್ಟಳು.

"ಇಲ್ಲಿ ಗಡಿಕಲ್ಲು ಎಲ್ಲಿದೆ ಅಜ್ಜಿ?" ಅಂದರು ಮೇಡಂ.

"ಇದೇ ನೋಡವ್ವಾ. ಮ್ಯಾಲ ಚಾ ಕುದೀಲಿಕತ್ತದ."

ಒಲೆಯ ಎರಡು ಕಲ್ಲುಗಳು ಗಡಿಕಲ್ಲಿನ ಎರಡು ತುಂಡು.

"ಯಾವಾಗ ಮುರಿದಿದ್ದು?"

"ನಾ ಮದಿವ್ಯಾಗಿ ಬಂದಾಗಿಂದ ಹಿಂಗೇ ಅದ."

ಮೇಡಂ ಸಾಹೇಬರನ್ನು ನೋಡಿದರು. ಸಾಹೇಬರು ಸೀನರಿ ನೋಡಿದರು. ನಾನು ಚಹಾ ಕುಡಿದೆ.

ಮರುದಿನ ಮೇಡಂ ತಾವೇ ವರದಿ ಬರೆದು ಸಹಿ ಹಾಕಿದರು: 'ಗಡಿಕಲ್ಲು ಮುರಿದಿದೆ.' ಸಾಹೇಬರು ಎರಡು ವಾರ ಊಟದ ಡಬ್ಬಿ ಬಿಚ್ಚಲಿಲ್ಲ. ಮೂರನೇ ವಾರ ಮೇಲಿನ ಕಚೇರಿಯಿಂದ ಉತ್ತರ ಬಂತು, ಮೇಡಂ ಹೆಸರಿಗೆ.

'ಹತ್ತೊಂಬತ್ತು ವರದಿಗಳಲ್ಲಿ ಸುಸ್ಥಿತಿಯಲ್ಲಿರುವ ಕಲ್ಲು ತಮ್ಮ ವರದಿಯಲ್ಲಿ ಮಾತ್ರ ಮುರಿದಿದೆ. ತಾವು ಗುಡ್ಡ ಹತ್ತದೆಯೇ ವರದಿ ಬರೆದಂತೆ ಕಂಡುಬರುತ್ತದೆ. ಕಾರಣ ತಿಳಿಸಿ. ಅನುಭವಿ ಸಿಬ್ಬಂದಿಯ ಮಾರ್ಗದರ್ಶನ ಪಡೆದು ಹೊಸ ವರದಿ ಕಳಿಸತಕ್ಕದ್ದು.'

ಸಾಹೇಬರು ಡಬ್ಬಿ ಬಿಚ್ಚಿದರು.

ಮೇಡಂ ಆ ಪತ್ರವನ್ನು ಎರಡು ಸಲ ಓದಿ, ಮಡಚಿಟ್ಟು, ನನ್ನನ್ನು ಕರೆದರು. "ಹಳೇ ವರದಿ ಕಂಪ್ಯೂಟರಲ್ಲಿ ಇದೆಯಾ?"

"ಅದರಿ ಮೇಡಂ," ಅಂದೆ. "ಬಿಸಿಲಿದ್ದದ್ದು ಬೇಕೋ, ಬಿಸಿಲಿಲ್ಲದ್ದು ಬೇಕೋ?"