ಟವೆಲ್ಲಿನ ಅಡಿಯ ಮತದಾನ

ಅಧಿಕಾರ ಸಿಗುವವರೆಗೆ ಅದನ್ನು ಹೇಗೆ ಚಲಾಯಿಸಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ, ನಿಲಂಗಾದ ನನ್ನ ಬಟ್ಟೆ ಅಂಗಡಿಯ ಗಾದಿಗೆ ಒರಗಿಕೊಂಡು ನಾನು ದಿಲ್ಲಿಗೂ ಬುದ್ಧಿ ಹೇಳುತ್ತಿದ್ದೆ. ಆಮೇಲೆ ಊರ ಸಮಿತಿಯ ಚುನಾವಣೆ ಬಂತು. ಎರಡು ಪಕ್ಷಗಳೂ ಸರಿಸಮ ಗೆದ್ದವು. ಯಾರನ್ನು ಅಧ್ಯಕ್ಷ ಮಾಡುವುದೆಂದು ತೋಚದೆ, ಎರಡೂ ಕಡೆಯವರಿಗೆ ಧೋತರ ಮಾರುವವನು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕುರ್ಚಿ ಹತ್ತಿಸಿದರು.

ಪಕ್ಷ ಎರಡಾದರೂ ಬೀಗತನ ಒಂದೇ ನೋಡಿ. "ಪರವಾಗಿರುವವರು ಕೈ ಎತ್ತಿ" ಎಂದರೆ ಎಲ್ಲರೂ ಎತ್ತುವರು. "ವಿರೋಧ ಇರುವವರು?" ಎಂದರೂ ಅವೇ ಕೈಗಳು. ಕೇಳಿದರೆ, "ಅವ್ರೂ ನಮ್ಮವ್ರೇ ಅಲ್ಲೇನ್ರೀ, ಮಾರಿ ಮುಂದ ಬ್ಯಾಡ ಅಂತ ಹ್ಯಾಂಗ ಅನ್ನೂದು?" ಹೀಗಾಗಿ ಸರ್ಕಾರ ಕೊಟ್ಟ ಒಂದೇ ಒಂದು ಕೈಪಂಪು ಪೇಟೆಗೋ ಹೊಂಡದ ಓಣಿಗೋ ತೀರ್ಮಾನವಾಗದೆ ಕಚೇರಿಯ ಮೂಲೆಯಲ್ಲಿ ಬಿದ್ದಿತ್ತು. ಹೊಂಡದ ಓಣಿಯ ಹೆಂಗಸರು ದಿಬ್ಬ ಹತ್ತಿ ಪೇಟೆಯ ಬಾವಿಗೆ ಬರುತ್ತಿದ್ದರು. ನಮ್ಮ ಮನೆ ಪೇಟೆಯಲ್ಲೇ. ನನ್ನ ಹೆಂಡತಿ ಗೌರಮ್ಮ ಹಗ್ಗ ಜಗ್ಗಿ ಕೆಂಪಾದ ಅಂಗೈ ತೋರಿಸಿ, "ಪಂಪ್ ನಮ್ಮ ಮನಿ ಮುಂದ ಬರ್ಲಿಲ್ಲಂದ್ರ ನೀವು ಅಧ್ಯಕ್ಷ ಆಗಿ ಫಾಯದಾ ಏನ್ರೀ?" ಎಂದಳು.

ದಾರಿ ತೋರಿಸಿದವರು ಸದಸ್ಯರಲ್ಲೇ ಹಿರಿಯರಾದ ಶರಣಪ್ಪನವರು. ದೇವಣಿ ಸಂತೆಯ ಎತ್ತಿನ ದಲಾಲಿ ಅವರದು, ನಮ್ಮ ತಂದೆಯದೂ ಅದೇ ಕಸುಬಾಗಿತ್ತು. ಅಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಅಡಿ ಬೆರಳು ಹಿಡಿದು ತಿಳಿಸುತ್ತಾರೆ. "ಎತ್ತಿನ ಮಾತು ಮುಚ್ಚಿ ಆಡ್ತೀವಿ, ಊರಿನ ಮಾತು ಯಾಕ ಬಿಚ್ಚಿ ಆಡೂದು?" ಎಂದು ತಮ್ಮ ಹೆಗಲಿನ ಟವೆಲ್ ನನ್ನ ಕೈಮೇಲೆ ಹೊದಿಸಿದರು. ಒಂದು ಬೆರಳು ಹಿಡಿದರೆ ಪೇಟೆ, ಎರಡು ಹಿಡಿದರೆ ಹೊಂಡದ ಓಣಿ.

ಒಬ್ಬೊಬ್ಬರೇ ಬಂದರು. ಪೇಟೆಗಾಗಿ ಗಂಟಲು ಹರಿದುಕೊಂಡಿದ್ದವರೇ ಮೆಲ್ಲಗೆ ಎರಡು ಬೆರಳು ಹಿಡಿದರು. ಅವರ ಹೆಣ್ಣುಮಕ್ಕಳನ್ನು ಕೊಟ್ಟಿದ್ದು ಹೊಂಡದ ಓಣಿಗೆ. ಕೊನೆಗೆ ಮತ ಸರಿಸಮ. ಅದು ಗೊತ್ತಿದ್ದವನು ನಾನೊಬ್ಬನೇ. ಗೌರಮ್ಮನ ಅಂಗೈ ನೆನಪಾಯಿತು, ದಿಬ್ಬ ಹತ್ತುವ ಹೆಂಗಸರ ಏದುಸಿರೂ ನೆನಪಾಯಿತು. "ಹೊಂಡದ ಓಣಿ" ಎಂದುಬಿಟ್ಟೆ. ತಮ್ಮ ಮಾತೇ ಗೆದ್ದಿತೆಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಮನೆ ಬಾಗಿಲವರೆಗೆ.

ಗೌರಮ್ಮನ ಮುಂದೆ ಇದ್ದದ್ದು ಇದ್ದಹಾಗೆ ಹೇಳಿದೆ. ಆಕೆ ಬೈಯಲಿಲ್ಲ. ನನ್ನ ಕೈ ಹಿಡಿದು, ಮೇಲೆ ಸೆರಗು ಮುಚ್ಚಿ, ಐದೂ ಬೆರಳು ಒತ್ತಿದಳು. "ದಿನಾ ಇಷ್ಟು ಕೊಡ. ಅದೇ ಪಂಪಿಂದ, ನೀವೇ ತರಬೇಕು." ಚೌಕಾಸಿ ಮಾಡದೆ ಒಪ್ಪಿಕೊಂಡೆ. ನಮ್ಮ ತಂದೆ ಬದುಕಿದ್ದರೆ ತಲೆ ತಗ್ಗಿಸುತ್ತಿದ್ದರು.

ಓಣಿಯಲ್ಲಿ ಪಂಪು ಕೂಡಿಸಿದ ಮರುದಿನ ಕೊಡ ಹೊತ್ತು ದಿಬ್ಬ ಇಳಿದು ನೇರವಾಗಿ ಪಂಪಿಗೆ ಕೈ ಹಾಕಿದೆ. ಮುದುಕಿಯೊಬ್ಬಳು ನನ್ನ ಕೊಡವನ್ನು ಪಕ್ಕಕ್ಕೆ ಸರಿಸಿ, "ಬ್ಯಾಡ ರೀ ಅಧ್ಯಕ್ಷರ. ಪಾಳಿ ನಂದದ, ನೀವು ಹಿಂದ ನಿಂದರ್ರಿ" ಎಂದಳು.

ಹೋಗಿ ಹಿಂದೆ ನಿಂತೆ. ಅಧ್ಯಕ್ಷನಾದ ಮೇಲೆ ಯಾರಾದರೂ ನನಗೆ ಮುಖದ ಮುಂದೆ ಬೇಡ ಎಂದದ್ದು ಅದೇ ಮೊದಲು.